ನೆರೆಮನೆಗೂ ಒಂದೊಂದು ಮಾತ್ರೆ

ನನಗೆ ಬರೆದು ಅಭ್ಯಾಸವಿಲ್ಲ. ಕೆಟ್ಟದಾಗಿ ಹೇಳಿದರೆ ಮೊದಲೇ ಕ್ಷಮಿಸಿಬಿಡಿ. ಪುರವರದ ಕಡೆ ಆರೋಗ್ಯ ಸಹಾಯಕನಾಗಿದ್ದೇನೆ. ಎಂದರೆ ಡಾಕ್ಟರಲ್ಲ, ಬಿ.ಪಿ. ನೋಡಿ, ಮಾತ್ರೆ ಕೊಟ್ಟು, ಬೈಸಿಕೊಂಡು ಬರುವವನು. ಈ ಕೆಲಸದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಇಳಿಯದ ಬಿ.ಪಿ.

ಕುರಿ ಸಾಕುವ ಮನೆಯ ಅಜ್ಜಿಯೊಬ್ಬರಿಗೆ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ಎಂದರೆ ಕಣ್ಣೊಳಗೆ ಮಂಜು ಕವಿದ ಹಾಗೆ. ಹುಟ್ಟಿದ ಮರಿಮಗಳ ಮುಖವನ್ನೇ ಅವರು ನೋಡಿರಲಿಲ್ಲ. ಆಪರೇಷನ್ನಿಗೆಂದು ಮಧುಗಿರಿಗೆ ಹೋದಾಗಲೆಲ್ಲ, "ಬಿ.ಪಿ. ಜಾಸ್ತಿ, ಇಳಿಸಿಕೊಂಡು ಬನ್ನಿ" ಎಂದು ವಾಪಸ್ ಕಳಿಸುತ್ತಿದ್ದರು. ತಿಂಗಳ ಮಾತ್ರೆ ವಾರಕ್ಕೇ ಖಾಲಿ, ಬಿ.ಪಿ. ಮಾತ್ರ ಇದ್ದಲ್ಲೇ ಇತ್ತು.

ಒಂದು ಬೆಳಿಗ್ಗೆ ಹೋಗಿ ನೋಡಿದರೆ, ಅಜ್ಜಿ ಜಗಲಿ ಮೇಲೆ ಕೂತು ನೆರೆಮನೆಯವರಿಗೆಲ್ಲ ಮಾತ್ರೆ ಹಂಚುತ್ತಿದ್ದಾರೆ!

"ಏನಜ್ಜಿ ಇದು?"

"ಜನ ಎದುರ್ಗೇ ಕುಂತವ್ರೆ. ಅವ್ರುನ್ನ ಬುಟ್ಟು ನಾನೊಬ್ಳೇ ಹೆಂಗ್ ನುಂಗ್ಲಿ? ನಮ್ಮನೇಲಿ ಅಂಗೆಲ್ಲ ಇಲ್ಲ ಕಣ್ಲಾ."

ಪಕ್ಕದ ಮನೆಯಾತ ಬೆಚ್ಚಿದ. "ಅದ್ಕೇ ನಂಗೆ ಹೊಲ್ದಾಗೆ ತಲೆ ಸುತ್ತಿದ್ದು!"

"ಸುತ್ತದೆ ಇನ್ನೇನು? ಬರೀ ಹೊಟ್ಟೇಲಿ ತಕಂಡಿದ್ದೀಯ. ನಾಳಿಂದ ಉಂಡ್ಕಂಡ್ ಬಾ" ಅಂದರು ಅಜ್ಜಿ.

ಸೊಸೆಯ ಉಪಾಯ

ಗದರಿದೆ, ಬೇಡಿಕೊಂಡೆ. ಅಜ್ಜಿ ಜಗ್ಗಲಿಲ್ಲ. ಕೊನೆಗೆ ಬುದ್ಧಿ ಓಡಿಸಿದ್ದು ಸೊಸೆ. ಮಾತ್ರೆಯನ್ನು ಕೈಗಿಟ್ಟು, "ಅತ್ತೆ, ಒಂದ್ಸಲ ನೆಕ್ಬುಡಿ" ಅಂದಳು. ಅಜ್ಜಿ ನೆಕ್ಕಿದರು.

"ಈಗ ಎಂಜ್ಲಾಯ್ತು. ಯಾರಿಗ್ ಕೊಡ್ತೀರಿ, ಕೊಡಿ?"

ಎಂಜಲನ್ನು ಇನ್ನೊಬ್ಬರಿಗೆ ಕೊಡುವುದುಂಟೇ? ನಿಮಗೆ ಗೊತ್ತಿರುವುದೇ, ಆದರೂ ಹೇಳಿಬಿಡುತ್ತೇನೆ: ಇಲ್ಲ. "ಕಳ್ಳಿ ಕಣೇ ನೀನು" ಎಂದು ಬೈದು ಅಜ್ಜಿ ಮಾತ್ರೆ ನುಂಗಿದರು. ದಿನಾ ಇದೇ ನಡೆಯಿತು.

ಮುಂದಿನ ಸಲ ಬಿ.ಪಿ. ನೋಡಿ, "ಇಳಿದಿದೆ ಅಜ್ಜಿ!" ಎಂದು ಕುಣಿದಾಡಿದೆ. ಅವರು ಖಾಲಿ ಜಗಲಿ ಕಡೆ ಕೈ ತೋರಿಸಿದರು. "ಜನಾನೂ ಇಳುದ್ರು ಕಣ್ಲಾ."

ಕಣ್ಣು ಬಂತು

ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದಾಗ ಅಜ್ಜಿ ಮರಿಮಗಳ ಮುಖವನ್ನು ತುಂಬಾ ಹೊತ್ತು ನೋಡಿ, "ಮೂಗು ನಂದೇ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಇಷ್ಟ್ ದಿವ್ಸ ಗದರ್ತಿದ್ದೋನು ನೀನೇನಾ? ಹೆದ್ರೋವಂಥ ಮುಖಾನೇ ಅಲ್ವಲ್ಲೋ!"

ಮನೆಗೆ ಕಳಿಸುವಾಗ ಕಣ್ಣಿಗೆ ಬಿಡುವ ಡ್ರಾಪ್ಸ್ ಕೊಟ್ಟರು. ಇಲ್ಲೊಂದು ವಿವರಣೆ ಅಗತ್ಯ. ಒಬ್ಬರ ಡ್ರಾಪ್ಸನ್ನು ಇನ್ನೊಬ್ಬರು ಯಾಕೆ ಹಾಕಿಕೊಳ್ಳಬಾರದು ಅಂದರೆ, ಮೊದಲನೆಯದಾಗಿ, ಆ ಬಾಟಲಿಯ ತುದಿ...

ಇರಿ, ಅಜ್ಜಿಯ ಸೊಸೆ ಬಾಗಿಲಲ್ಲಿ ಕೂಗುತ್ತಿದ್ದಾಳೆ.

"ಸಾರ್, ಬೇಗ ಬನ್ನಿ! ಅತ್ತೆ ಬೀದಿಯೋರ್ನೆಲ್ಲ ಜಗಲಿ ಮೇಲೆ ಸಾಲಾಗಿ ಮಲಗ್ಸವ್ರೆ. ಕಣ್ಣಿಗೆ ಬುಟ್ಕಂಡ್ರೆ ಎಂಜ್ಲಾಗಲ್ವಂತೆ!"