ಮಾವನ ಇಸ್ತ್ರಿ ಗಿಟಾರು

ಹೊಗಳಿದವರ ಮೇಲೆ ಜಗಳಕ್ಕೆ ಹೋಗುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವನ ಮನೆಯಲ್ಲೇ ವರ್ಷಗಟ್ಟಲೆ ಮುದ್ದೆ ಉಂಡಿದ್ದೇನೆ! ಆತ ನನ್ನ ಸೋದರಮಾವ.

ತೊಂಬತ್ತರ ದಶಕದ ಮೊದಲಲ್ಲಿ ಪಾಂಡವಪುರದ ಕಚೇರಿಯೊಂದರಲ್ಲಿ ನನಗೆ ಬೆರಳಚ್ಚಿನ ಕೆಲಸ ಸಿಕ್ಕಿತ್ತು. ಚಿನಕುರಳಿಯ ಮಾವನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮಾವನಿಗೆ ಗದ್ದೆಯಿತ್ತು, ಹಸುಗಳಿದ್ದವು, ಮೊಪೆಡ್ಡಿನಲ್ಲಿ ಡೈರಿಗೆ ಹಾಲು ಹಾಕಿ ಬರುವ ಗಟ್ಟಿಗಿತ್ತಿ ಅತ್ತೆಯಿದ್ದಳು. ಇಷ್ಟೆಲ್ಲ ಇದ್ದೂ ಆತ ಮದುವೆಮನೆಯ ಆರ್ಕೆಸ್ಟ್ರಾಗಳಲ್ಲಿ ಸ್ಟೀಲ್ ಗಿಟಾರು ನುಡಿಸಲು ಹೋಗುತ್ತಿದ್ದ. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಬಲಗೈಯಲ್ಲಿ ಮೀಟುತ್ತಾ, ಎಡಗೈಯಲ್ಲೊಂದು ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸುವ ವಾದ್ಯ ಅದು. ಊರಿನವರು ಅದಕ್ಕೆ ಇಟ್ಟ ಹೆಸರು ಇಸ್ತ್ರಿ ಗಿಟಾರು! ಮಾವ ವೇದಿಕೆ ಹತ್ತಿದರೆ ಸಾಕು, "ಬರ್ರಲಾ, ಗೌಡ್ರು ಇಸ್ತ್ರಿಗೆ ಕೂತವ್ರೆ" ಎಂದು ಪಡ್ಡೆಗಳು ಮುಂದಕ್ಕೆ ಬಂದು ಕೂರುತ್ತಿದ್ದವು.

ಸುತ್ತಿನ ನಾಲ್ಕು ತಾಲ್ಲೂಕುಗಳಲ್ಲಿ ಈ ವಾದ್ಯ ನುಡಿಸುತ್ತಿದ್ದವರು ಇಬ್ಬರೇ. ಇನ್ನೊಬ್ಬರು ಗಂಜಾಂನ ಮೇಷ್ಟ್ರು. ಅರ್ಚಕರ ಮನೆತನದವರು, ಶ್ರೀರಂಗಪಟ್ಟಣದಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದರು. ಒಂದೇ ಕಸುಬಿನ ಇಬ್ಬರು ಅಂದಮೇಲೆ ಹಲ್ಲು ಮಸೆಯಬೇಕಲ್ಲವೇ? ಇವರದು ಪೂರಾ ಉಲ್ಟಾ. "ಚೆನ್ನಾಗಿತ್ತು ಗೌಡ್ರೇ" ಅಂತ ಯಾರಾದರೂ ಅಂದರೆ ಮಾವನಿಗೆ ಮೂಗಿನ ತುದಿಗೆ ಕೋಪ ಬರುತ್ತಿತ್ತು.

"ಗಂಜಾಂ ಮೇಷ್ಟ್ರು ನುಡ್ಸೋದ ಕೇಳಿದ್ದೀಯೇನಯ್ಯಾ? ಅದ ಕೇಳ್ದೇ ಇದ್ದೋನು ನಂದು ಚೆನ್ನಾಗದೆ ಅಂತ ಎಂಗೆ ಯೋಳ್ತೀಯಾ?"

ಹೊಗಳಿದವನು ತಪ್ಪಾಯ್ತು ಅಂತ ಹೇಳಿ ಹೋಗಬೇಕಾಗುತ್ತಿತ್ತು.

ಒಮ್ಮೆ ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದಿಂದ ಹೆಣ್ಣಿನ ಅಪ್ಪನೊಬ್ಬ ಎಲೆ ಅಡಿಕೆ ಹಿಡಿದು ಮಾವನನ್ನು ಕರೆಯಲು ಬಂದ. ಮಾವ, "ಅಂಥೋರು ಇರೋವಾಗ ನಾನ್ಯಾಕೆ? ಗಂಜಾಂಗೆ ಓಗಿ" ಅಂದ. ಆತ ಗಂಜಾಂಗೆ ಹೋದ. ಮೇಷ್ಟ್ರು, "ಛೆ ಛೆ, ಗೌಡರ ಕೈ ಇರುವಾಗ ನನ್ನನ್ನು ಕರೆಯೋದೇ? ಚಿನಕುರಳಿಗೆ ಹೋಗಿ" ಅಂದರು. ಬಂದ. ಮಾವ ಮತ್ತೆ ಗಂಜಾಂ ದಾರಿ ತೋರಿಸಿದ. ಆ ಮಹಾನುಭಾವ ಜಗಲಿಯ ಮೇಲೆ ಕುಕ್ಕರಿಸಿ, "ಅಲ್ಲ ಗೌಡ್ರೇ, ನನ್ ಮಗಳ್ಗೆ ಗಂಡು ಉಡುಕ್ವಾಗ್ಲೂ ನಾನು ಇಷ್ಟು ಬಸ್ಸು ಅತ್ನಿಲ್ಲ!" ಎಂದು ನಿಟ್ಟುಸಿರುಬಿಟ್ಟ. ಕೊನೆಗೆ ಆ ಮದುವೆಯಲ್ಲಿ ಇಬ್ಬರೂ ನುಡಿಸಲಿಲ್ಲ. ಮೈಕ್ ಸೆಟ್ಟಿನವನ ಕ್ಯಾಸೆಟ್ಟಿನಲ್ಲೇ ಧಾರೆ ಮುಗಿಯಿತು.

ಒಬ್ಬರ ಎದುರು ಇನ್ನೊಬ್ಬರು ನುಡಿಸುವುದಂತೂ ಇಲ್ಲವೇ ಇಲ್ಲ, ಕೈ ನಡುಗುತ್ತದಂತೆ! ಹಾಗಂತ ಕೇಳದೆ ಇರಲಾದೀತೇ? ಅದಕ್ಕೆ ಕದ್ದು ಕೇಳುವುದು. ನಮ್ಮ ಕಡೆಯ ಮದುವೆಗಳಲ್ಲಿ ಮೇಷ್ಟ್ರು ಚಪ್ಪರದ ಮೂಲೆಯಲ್ಲಿ ಕೊಡೆ ಬಿಚ್ಚಿ ಮುಖ ಮುಚ್ಚಿಕೊಂಡು ಕೂರುತ್ತಿದ್ದರು. ಚಪ್ಪರದೊಳಗೆ ಕೊಡೆ ಬಿಚ್ಚಿ ಕೂತವರು ಯಾರೆಂದು ಎಳೆಮಗುವಿಗೂ ಗೊತ್ತಾಗುತ್ತಿತ್ತು. ಮಾವನೊಬ್ಬನಿಗೆ ಬಿಟ್ಟು!

ಮಾವನ ಅಡಗುತಾಣ ಅಡುಗೆಮನೆ. ನಾಗಮಂಗಲದ ಮದುವೆಯೊಂದರಲ್ಲಿ ಮೇಷ್ಟ್ರು ನುಡಿಸುತ್ತಿದ್ದಾಗ ತಲೆಗೆ ಟವೆಲ್ಲು ಸುತ್ತಿಕೊಂಡು ಭಟ್ಟರ ಗುಂಪಿನಲ್ಲಿ ಸೇರಿಕೊಂಡ. ಯಾರೋ ಕೂಲಿಯವನು ಅಂದುಕೊಂಡು ಅವರು ತುರಿಮಣೆ ಕೊಟ್ಟು ತೆಂಗಿನಕಾಯಿಯ ರಾಶಿಯ ಮುಂದೆ ಕೂರಿಸಿದರು. ಊಟದ ಹೊತ್ತಿಗೆ ಭಟ್ಟರು ಮೇಷ್ಟ್ರ ಎಲೆಯ ಮುಂದೆ ನಿಂತು ದೂರಿದರು: "ಎಂಥ ಆಳು ಬಂದಿದ್ದ ಸ್ವಾಮಿ ಇವತ್ತು! ನಿಮ್ಮ ಗಿಟಾರು ಶುರುವಾದರೆ ತುರಿಯೋದು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ಕೂರ್ತಾನೆ. ನೀವು ನಿಲ್ಲಿಸಿದ ಮೇಲೇ ಅವನ ಕೈ ಆಡೋದು. ಹುಳಿಗೆ ಕಾಯಿ ಸಾಲದೆ ಹೋಯ್ತು!" ಮೇಷ್ಟ್ರು ಆ ತೆಳ್ಳನೆಯ ಹುಳಿಯನ್ನು ಮೂರು ಸಲ ಬಡಿಸಿಕೊಂಡು ಉಂಡರಂತೆ.

ಹೀಗಿರುವಾಗ ಒಂದು ಮಳೆಗಾಲದಲ್ಲಿ ಮೇಷ್ಟ್ರು ನಿಮಿಷಾಂಬಾ ಗುಡಿಯ ಬಳಿ ಹೊಳೆಯ ಮೆಟ್ಟಿಲಿನಲ್ಲಿ ಜಾರಿ ಬಿದ್ದರು. ಎಡಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಆದರೆ ಮಣಿಕಟ್ಟು ಮೊದಲಿನಂತೆ ಆಡಲಿಲ್ಲ. ಮಾವನೂ ನಾನೂ ನೋಡಲು ಹೋದಾಗ ಗಿಟಾರು ಅಟ್ಟ ಸೇರಿತ್ತು.

"ಸ್ವರ ಸಿಗುತ್ತೆ ಗೌಡ್ರೇ, ಜಾರು ಸಿಗಲ್ಲ" ಅಂದರು ಮೇಷ್ಟ್ರು. ಒಂದು ಸ್ವರದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗುವುದೇ ಆ ವಾದ್ಯದ ಜೀವ. ಅದು ಸೆಟೆದ ಮಣಿಕಟ್ಟಿಗೆ ಬರುವುದಿಲ್ಲ. "ಜಾರಿ ಬಿದ್ದವನಿಗೆ ಜಾರೇ ಇಲ್ಲ, ನೋಡಿ!" ಎಂದು ಅವರೇ ನಕ್ಕರು.

ಅವತ್ತಿನಿಂದ ಮಾವನೂ ಮದುವೆಗಳನ್ನು ಬಿಟ್ಟ. "ಅವ್ರು ನುಡುಸ್ದೇ ಇರೋವಾಗ ನಾನು ಯಾವ ಮಖ ಇಟ್ಕಂಡು ನುಡಿಸ್ಲಿ?" ಎಂದು ಗೊಣಗಿ ಕೊಟ್ಟಿಗೆ ಸೇರಿದ. ಮೇಷ್ಟ್ರ ಕೈಯಲ್ಲಿ ಮತ್ತೆ ಗಿಟಾರು ನುಡಿಯುವವರೆಗೆ ಅವನಿಗೆ ಅನ್ನ ಇಳಿಯುವಂತಿರಲಿಲ್ಲ. ಹಿಂದೊಮ್ಮೆ ಮೇಷ್ಟ್ರೇ ಯಾವುದೋ ಹಳೆಯ ಪತ್ರಿಕೆಯಲ್ಲಿ ಒಂದು ಚಿತ್ರ ತೋರಿಸಿದ್ದರಂತೆ: ಮೇಜಿನಂಥ ಸ್ಟೀಲ್ ಗಿಟಾರು, ಕೆಳಗೆ ಪೆಡಲುಗಳು. ಕಾಲಿನಲ್ಲಿ ಒತ್ತಿದರೆ ತಂತಿ ಬಿಗಿದು ಸ್ವರ ತಾನೇ ಜಾರುತ್ತದೆ. ಕೈ ಜಾರದಿದ್ದರೇನು, ಕಾಲು ಜಾರಲಿ! ಮಾವ ತನ್ನ ಗಿಟಾರನ್ನೇ ಹಳೆಯ ಮೇಜೊಂದಕ್ಕೆ ಬಿಗಿದು ಕೆಲಸ ಶುರುಮಾಡಿದ.

ಮೊದಲು ಅತ್ತೆಯ ಹೊಲಿಗೆ ಮಿಷಿನ್ನಿನ ಪೆಡಲು ಮಾಯವಾಯಿತು. ಆಮೇಲೆ ಮೊಪೆಡ್ಡಿನ ಬ್ರೇಕ್ ವೈರು. ಅದು ಗೊತ್ತಾದದ್ದು ಅತ್ತೆ ಹಾಲಿನ ಕ್ಯಾನಿನ ಸಮೇತ ಡೈರಿಯನ್ನು ದಾಟಿ ಮುಂದಕ್ಕೆ ಹೋದಾಗ! ಪಕ್ಕದ ಹುಲ್ಲಿನ ಮೆದೆ ಅವಳನ್ನು ಕಾಪಾಡಿತು. ಮೈತುಂಬ ಹುಲ್ಲು ಮೆತ್ತಿಕೊಂಡು ಬಂದವಳೇ, "ಗಂಡುನ್ನ ಕಟ್ಕಂಡೆ ಅಂತಿದ್ದೆ ಕಣವ್ವಾ, ಗ್ಯಾರೇಜ ಕಟ್ಕಂಡಿವ್ನಿ!" ಅಂದಳು.

ಪೆಡಲು ಒತ್ತಿದ ಮೊದಲ ದಿನ ಹೊರಟ ಸದ್ದಿಗೆ ಕೊಟ್ಟಿಗೆಯ ಹಸುಗಳೆಲ್ಲ ಒಟ್ಟಿಗೆ "ಅಂಬಾ" ಅಂದವು.

"ನೋಡಮ್ಮೀ, ಅಸುಗೂ ಅರ್ಥ ಆಯ್ತದೆ!" ಎಂದು ಮಾವ ಹಿಗ್ಗಿದ.

"ಊಂ, ಯಾವ್ದೋ ಕರ ಕಷ್ಟದಲ್ಲದೆ ಅಂತ ಅರ್ಥ ಆಗ್ಯದೆ" ಅಂದಳು ಅತ್ತೆ.

ಹಾಗೆ ಹಂಗಿಸುತ್ತಿದ್ದ ಅತ್ತೆಯೇ, ಯುಗಾದಿ ಹತ್ತಿರವಾದಾಗ ಒಂದು ಸಂಜೆ, ಒಲೆಯ ಮೇಲಿನ ಸಾರು ಸೀದರೂ ಏಳದೆ ಹೊಸಿಲ ಮೇಲೆ ಕೂತುಬಿಟ್ಟಿದ್ದಳು. ಕೊಟ್ಟಿಗೆಯಲ್ಲಿ ಮಾವ ಎಡಗೈ ಮಣಿಕಟ್ಟಿಗೆ ಅಲುಗದಂತೆ ಬಿದಿರ ಸೀಳು ಕಟ್ಟಿಕೊಂಡು, ಬರೀ ಕಾಲಿನಲ್ಲಿ ಸ್ವರವನ್ನು ತೇಲಿಸುತ್ತಿದ್ದ. ಒಂದೇ ಒಂದು ಅಪಸ್ವರವಿರಲಿಲ್ಲ. ನಾನೇ ಕಿವಿಯಾರೆ ಕೇಳಿದ್ದೇನೆ.

ಮುಂದಿನ ಭಾನುವಾರ ಆ ಮೇಜನ್ನು ಬಸ್ಸಿಗೆ ಹೇರಿಕೊಂಡು ಗಂಜಾಂಗೆ ಹೋದೆವು. ಮೇಷ್ಟ್ರು ನೋಡಿದವರೇ ಮುಖ ಗಂಟಿಕ್ಕಿದರು. "ನನಗೋಸ್ಕರ ಅಂತಾದರೆ ದಯವಿಟ್ಟು ಬೇಡ ಗೌಡ್ರೇ. ಕನಿಕರ ನನಗೆ ಆಗಲ್ಲ."

"ಅಯ್ಯೋ, ನಿಮ್ಗ್ಯಾಕೆ ಮೇಷ್ಟ್ರೇ! ನಂಗೇ ಮಾಡ್ಕಂಡೆ. ಆದ್ರೆ ಏನ್ಮಾಡುದ್ರೂ ಬತ್ತಾ ಇಲ್ಲ. ಎಲ್ಲಿ ತಪ್ಪಾಯ್ತದೆ ಅಂತ ವಸಿ ನೋಡಿ ಯೋಳಿ" ಎಂದು ಮಾವ ನುಡಿಸಲು ಕೂತ.

ಯಾವತ್ತೂ ಅವರೆದುರು ನುಡಿಸದ ಮನುಷ್ಯ! ಹೇಗೆ ನುಡಿಸಿದ ಅಂತೀರಿ? ದೇವರೇ ಕಾಪಾಡಬೇಕು. ಪೆಡಲು ಅಗತ್ಯಕ್ಕಿಂತ ಮುಂಚೆ ಒತ್ತಿದ, ತಡವಾಗಿ ಬಿಟ್ಟ, ಸ್ವರಗಳನ್ನು ಕುತ್ತಿಗೆ ಹಿಡಿದು ಎಳೆದಾಡಿದ. ನಾನು ಬೆರಗಾಗಿ ನೋಡಿದೆ. ಮಾವ ನನ್ನ ಕಡೆ ಒಂದು ಸಲ ಕಣ್ಣು ಬಿಟ್ಟ. ತನ್ನನ್ನು ಹೊಗಳಿದರೆ ಸಿಡುಕುತ್ತಿದ್ದವನು, ತಾನು ಜೀವಕ್ಕಿಂತ ಹೆಚ್ಚು ಗೌರವಿಸುವ ಒಬ್ಬರ ಎದುರು, ಬೇಕೆಂದೇ ಕೆಟ್ಟದಾಗಿ ನುಡಿಸುತ್ತಿದ್ದ.

ಮೇಷ್ಟ್ರು ಕುರ್ಚಿಯಲ್ಲಿ ಮಿಸುಕಾಡಿದರು. ಕೆಮ್ಮಿದರು. ಕಿವಿ ಉಜ್ಜಿಕೊಂಡರು. ಕೊನೆಗೆ ತಡೆಯಲಾರದೆ, "ಹಾಗಲ್ಲ ಗೌಡ್ರೇ, ಹಾಗಲ್ಲ! ಮೀಟಿ, ಆಮೇಲೆ ಒತ್ತಬೇಕು. ಏಳಿ ಮೇಲೆ!" ಎಂದು ಮಾವನನ್ನು ಎಬ್ಬಿಸಿ ತಾವೇ ಕೂತರು.

ಉಕ್ಕಿನ ತುಂಡನ್ನು ತಂತಿಗಳ ಮೇಲಿಟ್ಟರು. ಮಣಿಕಟ್ಟು ಅಲುಗಲಿಲ್ಲ. ಮೀಟಿದರು, ಮೆಲ್ಲಗೆ ಪೆಡಲು ಒತ್ತಿದರು. ಮೊದಲು ತಡವರಿಸಿತು, ಮತ್ತೆ ತಡವರಿಸಿತು. ಆಗಲೇ ಮಾವ ಸದ್ದಿಲ್ಲದೆ ಒಳಗೆ ಸರಿದುಹೋಗಿದ್ದ. ಅಡುಗೆಮನೆಯಿಂದ ಮೇಷ್ಟ್ರ ಹೆಂಡತಿಯ ದನಿ ಕೇಳಿಸಿತು: "ಬೇಡ ಗೌಡ್ರೇ, ನಾನೇ ತುರಿದುಕೊಳ್ತೀನಿ, ಕೊಡಿ ಇಲ್ಲಿ!" ಅವನು ಕೊಡಲಿಲ್ಲ. ಪರಪರ ತುರಿಮಣೆಯ ಸದ್ದು ಶುರುವಾಯಿತು.

ಮೇಷ್ಟ್ರು ಮತ್ತೆ ಒತ್ತಿದರು. ಈ ಸಲ ಸ್ವರ ಬಂತು. ಬಂದದ್ದು ನಿಲ್ಲದೆ, ಹೊಳೆಯ ಮೇಲಿನ ತೆಪ್ಪದ ಹಾಗೆ ಮುಂದಿನ ಸ್ವರಕ್ಕೆ ತೇಲಿಕೊಂಡು ಹೋಯಿತು.

ಅದು ಸರಿಯೋ ತಪ್ಪೋ ಎಂದು ಅವರು ನನ್ನನ್ನು ಕೇಳಲಿಲ್ಲ. ಕಾಲನ್ನು ಪೆಡಲಿನಿಂದ ತೆಗೆಯದೆ ಅಡುಗೆಮನೆಯ ಕಡೆ ಕಿವಿಗೊಟ್ಟರು. ಅವರ ಕಣ್ಣು ತುಂಬಿತ್ತು.

"ತುರಿಯೋದು ನಿಂತಿತು" ಅಂದರು. "ಹಾಗಾದರೆ ಸರಿಯಾಗಿ ಬಂತು."