ನಿಂತ ಗಾಡಿಯ ವೇಗ ಮೂವತ್ತೆಂಟು

ನನ್ನನ್ನು ಈವರೆಗೆ ಯಾರೂ ಅವಸರದ ಮನುಷ್ಯ ಎಂದು ಕರೆದಿಲ್ಲ. ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ಕೈ ತೊಳೆದು, ಎಲೆಅಡಿಕೆ ಹಾಕಿ, ಒಂದು ನಿದ್ದೆ ತೆಗೆದು ಎದ್ದರೂ ನಾನಿನ್ನೂ ಎರಡನೇ ರೊಟ್ಟಿಯಲ್ಲೇ ಇರುತ್ತೇನೆ. ಇಂಥ ನಾನು ಶಾಲೆಯಿಂದ ನಿವೃತ್ತನಾದ ಮೇಲೆ ಒಂದು ಹಳೆಯ ಕಾರು ಕೊಂಡಾಗ ಮರಾಠಿ ಸೀಮೆಯ ಗಡಿಯಲ್ಲಿರುವ ನಮ್ಮೂರು ದಾಳಿಂಬದಲ್ಲಿ ಯಾರೂ ಹೆದರಲಿಲ್ಲ. ಕೋಳಿಗಳು ಕೂಡ ದಾರಿ ಬಿಡಲಿಲ್ಲ. ಹೆದರಿದವಳು ಒಬ್ಬಳೇ, ನನ್ನ ಹೆಂಡತಿ ಮಹಾನಂದಾ!

"ಆ ಗಾಡ್ಯಾಗ ನಾ ಕೂಡಂಗಿಲ್ರಿ. ನೀವು ಭಾಳ ಜೋರ ಓಡಸ್ತೀರಿ."

"ಯಾರು, ನಾನಾ?"

"ಗಡಗಡ ಅಂತದ. ಜೋರ ಹೋಗಲಾರದೇ ಗಡಗಡ ಹ್ಯಾಂಗ ಅಂತದ?"

ಇದರಲ್ಲಿ ನಗುವ ಮಾತು ಅರ್ಧ ಮಾತ್ರ. ತೊಂಬತ್ತಮೂರರಲ್ಲಿ ಭೂಕಂಪವಾದ ನಸುಕಿನಲ್ಲಿ ನಮ್ಮ ಅಡುಗೆಮನೆಯ ತಾಟು, ಚರಿಗೆಗಳೆಲ್ಲ ಒಮ್ಮೆಲೇ ಗಡಗಡ ಅಂದು ನೆಲಕ್ಕೆ ಬಿದ್ದಿದ್ದವು. ನಮ್ಮ ಮನೆ ನಿಂತಿತು. ಲೋಹಾರಾ ಕಡೆಯ ಅವಳ ತವರಿನ ಓಣಿಯಲ್ಲಿ ಎಷ್ಟೋ ಮನೆಗಳು ನಿಲ್ಲಲಿಲ್ಲ. ಅಂದಿನಿಂದ ತಗಡು ಗಡಗಡ ಅಂದರೆ ಸಾಕು, ಅವಳು ಕೈಯಲ್ಲಿದ್ದದ್ದನ್ನು ಬಿಟ್ಟು ಅಂಗಳಕ್ಕೆ ಓಡುತ್ತಾಳೆ. ಮಕ್ಕಳ ಮದುವೆಯಾಯಿತು, ತಲೆ ನರೆಯಿತು, ಆ ಓಟ ಮಾತ್ರ ನಿಂತಿಲ್ಲ.

ಆದರೂ ನಾನು ವಿಜ್ಞಾನದ ಮಾಸ್ತರ. ತರ್ಕ ಬಿಡಲುಂಟೆ?

"ಎಸ್‌ಟಿ ಬಸ್ಸು ಇದಕ್ಕಿಂತ ಹೆಚ್ಚು ಗಡಗಡ ಅಂತದಲ್ಲ! ಅದರಾಗ ಹ್ಯಾಂಗ ಕೂಡ್ತಿ?"

"ಅದರಾಗ ಎಲ್ಲಾರೂ ಕೂಡೇ ಅಲಗ್ತೇವ್ರಿ. ಇದರಾಗ ನಾವಿಬ್ಬರೇ."

ನಾನು ಕಾರು ಕೊಂಡದ್ದೇ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಊರೂರು ತಿರುಗಬೇಕೆಂದು. ಆದರೆ ಉದಗೀರದಲ್ಲಿರುವ ಅವಳ ಅಕ್ಕನ ಮನೆಗೆ ಒಮ್ಮೆ ಅವಳು ಬಸ್ಸಿನಲ್ಲಿ ಮುಂದೆ, ನಾನು ಖಾಲಿ ಕಾರಿನಲ್ಲಿ ಹಿಂದೆ ಹೋದೆವು. ನಿಲಂಗಾ ಬಸ್ ಸ್ಟ್ಯಾಂಡಿನಲ್ಲಿ ಅವಳು ಕಿಟಕಿಯಿಂದ ಕೈಚಾಚಿ ನನಗೆ ಸೇಂಗಾದ ಪುಡಿಕೆ ಕೊಟ್ಟಳು. ನೋಡಿದವರು ಏನಂದುಕೊಂಡರೋ!

ಹೀಗಿರುವಾಗ ಉಮರ್ಗಾ ಊರು ಇನ್ನೂ ಬರುವ ಮೊದಲೇ, ಹೆದ್ದಾರಿಯ ಅಂಚಿಗೆ, ಒಂದು ಬೋರ್ಡು ನಿಲ್ಲಿಸಿದರು. ಎದುರಿಗೆ ಬರುವ ಗಾಡಿಯ ವೇಗವನ್ನು ರೇಡಾರಿನಿಂದ ಅಳೆದು ದೊಡ್ಡ ಅಂಕಿಯಲ್ಲಿ ತೋರಿಸುವ ಬೋರ್ಡು. ಐವತ್ತರ ಒಳಗಿದ್ದರೆ ಹಸಿರು, ದಾಟಿದರೆ ಕೆಂಪು. ನನಗೆ ದೇವರೇ ಕಂಬದ ಮೇಲೆ ಬಂದು ನಿಂತಂತಾಯಿತು.

"ಮಹಾನಂದಾ, ನನ್ನ ಮಾತು ನಂಬಬ್ಯಾಡ. ಗಾಡಿ ಮೀಟರ್ ನಂಬಬ್ಯಾಡ. ಆ ಬೋರ್ಡ್ ಹೇಳಿದ್ರ ನಂಬ್ತಿ?"

ಅವಳು ವಿಚಾರ ಮಾಡಿದಳು. "ನಿಮ್ಮ ಮೀಟರ್ ನಿಮ್ಮ ಮನಿಮಂದಿ. ಬೋರ್ಡಿಗೆ ನೀವು ಸಂಬಂಧಿ ಅಲ್ಲ. ನಂಬ್ತೀನಿ."

ಪರೀಕ್ಷೆ ನಡೆಯಿತು. ಪರೀಕ್ಷಕರು, ಅಂದರೆ ಬಸ್ಸಿನಲ್ಲಿ ಬಂದಿಳಿದ ಮಹಾನಂದಾ, ಬೋರ್ಡು ಕಾಣುವಂತೆ ಚಹಾದಂಗಡಿಯ ಬೇವಿನ ಗಿಡದ ನೆರಳಲ್ಲಿ. ಅಭ್ಯರ್ಥಿ ಕಾರಿನಲ್ಲಿ. ಮೊದಲ ಸಲ ನನ್ನ ಮೀಟರು ಐವತ್ತು ತೋರಿಸುತ್ತಿತ್ತು, ಬೋರ್ಡು ನಲವತ್ತಾರು ಅಂದಿತು. ಗೆದ್ದದ್ದಕ್ಕೆ ಖುಷಿ, ನಾಲ್ಕು ಅಂಕ ಕಡಿತವಾದದ್ದಕ್ಕೆ ಅವಮಾನ! ತಿರುಗಿಸಿಕೊಂಡು ಬಂದು ಇನ್ನೊಮ್ಮೆ ಹೊರಟೆ. ಈ ಸಲ ನಲವತ್ತೇ. ಬೋರ್ಡು ನೋಡಿದರೆ ಎಪ್ಪತ್ನಾಲ್ಕು, ಕೆಂಪು ಕೆಂಪು!

"ಏ, ಅದು ನನ್ನದಲ್ಲ! ನನ್ನ ಹಿಂದ ಲಾರಿ ಬರ್ಲಾಕತ್ತಿತ್ತು. ಬೋರ್ಡಿಗೆ ದೊಡ್ಡ ತಗಡು ಮೊದಲ ಕಾಣ್ತದ!"

"ಸಾಲ್ಯಾಗ ಹುಡುಗರು ಹಿಂದಿನಂವಾ ಮಾತಾಡಿದಾ ಅಂದ್ರ ನೀವು ಯಾರಿಗಿ ಹೊಡಿತಿದ್ರಿ?"

ಮುಂದಿನವನಿಗೇ ಹೊಡೆಯುತ್ತಿದ್ದೆ. ಮತ್ತೆ ಗಾಡಿ ತಿರುಗಿಸಿದೆ.

ಮೂರನೆಯ ಸಲ ರಸ್ತೆ ಖಾಲಿ ಇತ್ತು. ನಲವತ್ತೊಂದು, ಹಸಿರು. ಮಹಾನಂದಾ ತೀರ್ಪು ಕೊಟ್ಟಳು: ಈ ಸಲ ಉದಗೀರಕ್ಕೆ ಕಾರಿನಲ್ಲೇ ಬರುತ್ತಾಳೆ. ಆದರೆ ಆ ದಿನ ಬೋರ್ಡು ಕೆಂಪಾದರೆ ಅಲ್ಲೇ ಇಳಿದು ಬಸ್ಸು ಹತ್ತುತ್ತಾಳೆ, ಮತ್ತೆ ಜೀವಮಾನದಲ್ಲಿ ಈ ಕಾರಿಗೆ ಕಾಲಿಡುವುದಿಲ್ಲ. ನಾನು ಮೀಸೆ ಮೇಲೆ ಕೈ ಇಟ್ಟು ಒಪ್ಪಿಕೊಂಡೆ.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಜಾಣ ಅನ್ನಿಸಿಕೊಳ್ಳುತ್ತಿದ್ದೆ. ಹೊರಡುವ ಹಿಂದಿನ ದಿನ ಉದಗೀರದಿಂದ ನನ್ನ ಷಡ್ಡಕ, ಅಂದರೆ ಅವಳ ಅಕ್ಕನ ಗಂಡ ಶಿವಲಿಂಗಪ್ಪನ ಫೋನು ಬಂತು.

"ಗುರುಜಿ, ಜ್ವಾಳದ ತೆನ್ಯಾಗ ಹಾಲಗಾಳು ತುಂಬ್ಯಾವ. ಗುಬ್ಬಿ ಕಾಟ ಭಾಳ ಆಗ್ಯಾದ. ಉಮರ್ಗಾದಾಗ ತಗಡಿನ ಪಂಖಾ ಚಲೋ ಸಿಗ್ತಾವಂತ, ಒಂದು ತರ್ರಿ."

ಹೊಲದ ನಡುವೆ ಗಳಕ್ಕೆ ಕಟ್ಟುವ ಪಂಖಾ ಅದು. ಗಾಳಿಗೆ ತಗಡಿನ ರೆಕ್ಕೆ ತಿರುಗುತ್ತದೆ, ಹಿಂದಿನ ಸಣ್ಣ ಸುತ್ತಿಗೆ ಒಂದು ಸ್ಟೀಲಿನ ತಾಟಿಗೆ ಢಣಢಣ ಬಡಿಯುತ್ತದೆ, ಹಕ್ಕಿಗಳು ಊರು ಬಿಡುತ್ತವೆ. ಅಂದೇ ಹೋಗಿ ತಂದೆ. ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಕಾರಿನ ತಲೆಯ ಮೇಲಿನ ಕ್ಯಾರಿಯರಿಗೆ, ಮುಂದಕ್ಕೆ ಮುಖ ಮಾಡಿ, ಸ್ವಲ್ಪ ಓರೆಯಾಗಿ ಕಟ್ಟಿದೆ. ಮಹಾನಂದಾಳಿಗೆ ಸದ್ದು ಆಗಬಾರದೆಂದು ಸುತ್ತಿಗೆಯನ್ನು ಸುತಳಿಯಿಂದ ಬಿಗಿದೆ. ಎಲ್ಲದರ ವಿಚಾರವನ್ನೂ ಮಾಡಿದ್ದೆ. ರೆಕ್ಕೆಯೊಂದನ್ನು ಬಿಟ್ಟು!

ಮರುದಿನ ಬೆಳಿಗ್ಗೆ ಅವಳು ವಿಭೂತಿ ಹಚ್ಚಿಕೊಂಡು, ಅಕ್ಕನಿಗೆಂದು ತೆಗೆದಿಟ್ಟ ಸೋಲಾಪುರ ಚಾದರ ಎದೆಗೊತ್ತಿಕೊಂಡು ನನ್ನ ಪಕ್ಕದಲ್ಲಿ ಕೂತಳು. ಮದುವೆಯಲ್ಲಿ ಕೂಡ ಇಷ್ಟು ಗಂಭೀರವಾಗಿ ಕೂತಿರಲಿಲ್ಲ. ನಾನು ನಲವತ್ತಕ್ಕೆ ಮುಳ್ಳು ನಿಲ್ಲಿಸಿದೆ. ಎದುರಿಗೆ ಮೂಡಗಾಳಿ ಬೀಸುತ್ತಿತ್ತು. ತಲೆಯ ಮೇಲೆ ಏನೋ ಭರ್ರ್ ಅನ್ನುತ್ತಿತ್ತು. ಹೊಸ ಹುರುಪು ಅಂದುಕೊಂಡೆ.

ಬೋರ್ಡು ಕಂಡಿತು. ಮೂವತ್ತೆಂಟು. ಹಸಿರು. "ನೋಡಿದಿ?" ಅಂದೆ. ಅನ್ನುವುದರೊಳಗೆ ಅರವತ್ತೊಂದು. ಕೆಂಪು! ನಾನು ಕಾಲು ತೆಗೆದೆ. ಎಂಬತ್ತೈದು! ಈ ಕಾರು ಹುಟ್ಟಿದಾಗಲೂ ಎಂಬತ್ತೈದು ಮುಟ್ಟಿರಲಿಕ್ಕಿಲ್ಲ! ಗಾಬರಿಯಲ್ಲಿ ಬ್ರೇಕು ಒತ್ತಿದೆ. ಆ ಜಗ್ಗಿಗೆ ಸುತಳಿ ಹರಿಯಿತು. ಢಣ್! ಢಣ್! ಢಣ್! ಢಣ್!

ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ನಿಂತರು. ಮಹಾನಂದಾ ಕಿರುಚಲಿಲ್ಲ. ಬಾಗಿಲು ತೆಗೆಯಲು ತಡಕಾಡಿದಳು, ಸಿಗಲಿಲ್ಲ, ನನ್ನ ಮುಂಗೈ ಹಿಡಿದಳು. ಅವಳ ಕೈ ಥಂಡಾ ಆಗಿತ್ತು. ನಗೆಚಾಟಿಕೆಯೆಲ್ಲ ನನ್ನೊಳಗಿಂದ ಇಳಿದುಹೋಯಿತು. ಬೋರ್ಡಿನ ಎದುರಿಗೇ, ರಸ್ತೆಯ ಅಂಚಿಗೆ, ಗಾಡಿ ನಿಲ್ಲಿಸಿ ಆಚೆ ಹೋಗಿ ಅವಳ ಬಾಗಿಲು ತೆಗೆದೆ.

"ನೀ ಬಸ್ಸಿಗೇ ಹೋಗು. ನನ್ನ ತಪ್ಪಾತು," ಅಂದೆ. ಮನಸ್ಸಿನಿಂದಲೇ ಅಂದೆ.

ಅಷ್ಟರಲ್ಲಿ ಒಬ್ಬ ಹವಾಲ್ದಾರ ಬಂದ. ಕಾರು ನೋಡಿದ, ಬೋರ್ಡು ನೋಡಿದ, ಮತ್ತೆ ಕಾರು ನೋಡಿದ. "ಗುರುಜಿ, ಗಾಡಿ ಉಭೀ ಆಹೇ ಕೀ ಪಳತೇ ಆಹೇ?" ಎಂದು ಮರಾಠಿಯಲ್ಲಿ ಕೇಳಿದ. ಗಾಡಿ ನಿಂತಿದೆಯೋ, ಓಡುತ್ತಿದೆಯೋ?

ತಿರುಗಿ ನೋಡಿದೆ. ಎಂಜಿನ್ ಬಂದ್. ಚಾಲಕ ಹೊರಗೆ. ವೇಗ ಮೂವತ್ತೆಂಟು!

ನಾನು ಹವಾಲ್ದಾರನಿಗೆ ಬೋರ್ಡಿನ ದೋಷಗಳ ಕುರಿತು ಸವಿಸ್ತಾರವಾಗಿ ವಿವರಿಸತೊಡಗಿದೆ. ಬಿಸಿಲು, ಧೂಳು, ವಯರು, ಗುತ್ತಿಗೆದಾರರು ಎಲ್ಲವೂ ಬಂದವು. ಮಹಾನಂದಾ ಕಾರಿನ ತಲೆಯ ಮೇಲೆ ಢಣಢಣ ಅನ್ನುತ್ತಿದ್ದುದನ್ನೇ ನೋಡುತ್ತ ನಿಂತಳು. ಆಮೇಲೆ ಅಕ್ಕನ ಚಾದರ ಬಿಚ್ಚಿ ಪಂಖಾದ ಮೇಲೆ ಬೀಸಿ ಒಗೆದಳು. ಪಂಖಾ ನಿಂತಿತು. ಢಣಢಣ ನಿಂತಿತು. ಬೋರ್ಡು ಕಪ್ಪಗಾಯಿತು. ಚಾದರ ಎಳೆದಳು. ರೆಕ್ಕೆ ತಿರುಗಿತು. ಮೂವತ್ತೆಂಟು. ಮತ್ತೆ ಒಗೆದಳು. ಕಪ್ಪು.

"ರೀ ಮಾಸ್ತರ್, ಗಾಡಿ ಓಡ್ಲಾಕತ್ತಿಲ್ಲ. ಪಂಖಾ ಓಡ್ಲಾಕತ್ತದ."

ಹವಾಲ್ದಾರ ಅವಳಿಗೆ ಸೆಲ್ಯೂಟ್ ಹೊಡೆದ. ನನ್ನ ಕಡೆ ನೋಡಿ ಕೆಮ್ಮಿದ.

ಅಷ್ಟರಲ್ಲಿ ಉದಗೀರದ ಬಸ್ಸು ಬಂತು. ಅವಳು ಕೈ ಮಾಡಿ ನಿಲ್ಲಿಸಿದಳು. ಕರಾರು ಕರಾರೇ, ಬೋರ್ಡು ಕೆಂಪಾಗಿತ್ತಲ್ಲ! ಆದರೆ ಅವಳು ಪಂಖಾ ಬಿಚ್ಚಿಸಿ ಬಸ್ಸಿನ ಮೇಲೆ ಹಾಕಿಸಿದಳು. "ಉದಗೀರ್ ಸ್ಟ್ಯಾಂಡಿನ್ಯಾಗ ನಮ್ಮ ಭಾವ ಬಂದು ಇಳಿಸ್ಕೋತಾರ," ಎಂದು ಕಂಡಕ್ಟರನಿಗೆ ಹೇಳಿದಳು. ಬಸ್ಸು ಹೋಯಿತು. ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು.

"ನಡೀರಿ. ಗಡಗಡ ಅನ್ನೋದು ಯಾವುದಂತ ಒಮ್ಮಿ ಕಣ್ಣಿಂದ ನೋಡಿದ್ರ ಅಷ್ಟು ಹೆದರಿಕಿ ಆಗಂಗಿಲ್ಲ."

ಗಾಡಿ ಚಾಲೂ ಮಾಡಿ ನಾನು ಪಾಠ ಶುರು ಮಾಡಿದೆ. ರೇಡಾರಿನ ಅಲೆ ಹೋಗಿ ತಗಡಿಗೆ ಬಡಿದು ಮರಳುತ್ತದೆ. ತಗಡು ಎದುರಿಗೆ ಓಡಿ ಬರುತ್ತಿದ್ದರೆ ಅಲೆಗಳು ಒತ್ತೊತ್ತಾಗುತ್ತವೆ, ಆ ಒತ್ತು ನೋಡಿ ಬೋರ್ಡು ವೇಗ ಹೇಳುತ್ತದೆ. ಅದಕ್ಕೆ ಕಾರು ಯಾವುದು, ಲಾರಿ ಯಾವುದು, ಗುಬ್ಬಿ ಓಡಿಸುವ ಪಂಖಾ ಯಾವುದು ಒಂದೂ ಗೊತ್ತಿಲ್ಲ. ಇನ್ನು ಕಾರಿನ ಮೀಟರನ್ನು ಕಂಪನಿಯವರೇ ತುಸು ಹೆಚ್ಚು ತೋರಿಸುವಂತೆ ಮಾಡಿರುತ್ತಾರೆ, ಟೈರು ಸವೆದಿದ್ದರೆ ಇನ್ನೂ ಹೆಚ್ಚು. ಇದೇ ಪಾಠವನ್ನು ನಾನು ಸೇವೆಯುದ್ದಕ್ಕೂ ರೈಲಿನ ಸೀಟಿಯ ಉದಾಹರಣೆ ಕೊಟ್ಟು ಕಲಿಸಿದ್ದೆ. ಉಮರ್ಗಾಕ್ಕೆ ರೈಲೇ ಇಲ್ಲದ್ದರಿಂದ ಮಕ್ಕಳಾಗಲೀ ನಾನಾಗಲೀ ಅದನ್ನು ಪರೀಕ್ಷಿಸುವ ಸಂದರ್ಭ ಬಂದಿರಲಿಲ್ಲ.

"ತಿಳೀತಾ?" ಎಂದು ಪಕ್ಕಕ್ಕೆ ನೋಡಿದೆ. ಮಹಾನಂದಾ ಚಾದರ ಹೊದ್ದು ಗಾಢ ನಿದ್ದೆಯಲ್ಲಿದ್ದಳು! ಕಾರು ಗಡಗಡ ಅನ್ನುತ್ತಲೇ ಇತ್ತು. ಅವಳು ಏಳಲಿಲ್ಲ.

ಎಚ್ಚರವಾಗದಿರಲೆಂದು ನಾನು ಮೂವತ್ತಕ್ಕೆ ಇಳಿಸಿದೆ. ನಿಲಂಗಾ ದಾಟುವಾಗ ಒಂದು ಟ್ರ್ಯಾಕ್ಟರು ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು. ಉದಗೀರ ಮುಟ್ಟಿದಾಗ ಪಂಖಾ ಆಗಲೇ ಹೊಲದಲ್ಲಿ ನಿಂತು ಢಣಢಣ ಅನ್ನುತ್ತಿತ್ತು, ಶಿವಲಿಂಗಪ್ಪ ಊಟ ಮುಗಿಸಿ ಕೂತಿದ್ದ.

"ಬಾ ಮಹಾನಂದಾ! ಗಾಡ್ಯಾಗ ಹೆದರಿಕಿ ಆಗಲಿಲ್ಲೇನ?" ಎಂದು ಅವಳ ಅಕ್ಕ ಕೇಳಿದಳು.

"ಎಲ್ಲೀದಕ್ಕಾ! ಇವರು ಗಾಡ್ಯಾಗೂ ಪಾಠ ಮಾಡ್ತಾರಂತ ಗೊತ್ತಿದ್ರ ಮೊದಲ ದಿನಾನೇ ಕೂಡ್ತಿದ್ದೆ. ಬಸ್ಸಿನ್ಯಾಗ ಇಷ್ಟು ಚಲೋ ನಿದ್ದಿ ಎಂದೂ ಹತ್ತಿಲ್ಲ!"