ಗೋಡೆಯ ಫೋಟೋಗೆ ಯಾವ ಅಂಗಿ

ಹೆಂಡತಿ: ಆ ಬೂದು ಕೋಟು ಬೇಡ ಅಂದ್ರೆ ಬೇಡ. ಬಾಡಿಗೆ ಬ್ಯಾಂಡಿನವರ ಥರ ಕಾಣ್ತೀರಿ.

ಗಂಡ: ಹಾಗಾದ್ರೆ ನೀಲಿ ಅಂಗಿ?

ಹೆಂಡತಿ: ಅದರಲ್ಲಿ ಹೊಟ್ಟೆ ಮೊದಲು ಬರುತ್ತೆ, ನೀವು ಆಮೇಲೆ ಬರ್ತೀರಿ.

ಗಂಡ: ಫೋಟೋ ಎದೆವರೆಗೆ ಮಾತ್ರ ಕಣೇ.

ಹೆಂಡತಿ: ನಿಮ್ಮ ಹೊಟ್ಟೆ ಎಲ್ಲಿಂದ ಶುರುವಾಗುತ್ತೆ ಅಂತ ನಿಮಗೆ ಗೊತ್ತಿದ್ದ ಹಾಗಿಲ್ಲ.

ಬೀರುವಿನಲ್ಲಿದ್ದ ಬಟ್ಟೆಯೆಲ್ಲ ಮಂಚದ ಮೇಲೆ ಮಗುಚಿ ಬಿದ್ದಿತ್ತು. ಲಿಫ್ಟ್ ಮೆಕ್ಯಾನಿಕ್ ಆಗಿ ನಿವೃತ್ತನಾದ ಗಂಡ ಬನಿಯನ್ನಿನಲ್ಲೇ ಕನ್ನಡಿಯ ಮುಂದೆ ನಿಂತಿದ್ದ. ಹೆಂಡತಿ ಬಾಗಿಲಿಗೆ ಒರಗಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಫೋಟೋಗ್ರಾಫರ್ ಇನ್ನೇನು ಮನೆಗೇ ಬರುವವಳಿದ್ದಳು.

ಹೆಂಡತಿ: ಅಷ್ಟಕ್ಕೂ ಈಗ ಫೋಟೋ ಯಾತಕ್ಕೆ? ಎಲ್ಲಿಗಾದ್ರೂ ಪ್ರಯಾಣ ಇದೆಯಾ?

ಗಂಡ: ಪ್ರಯಾಣ ಇದ್ದೇ ಇದೆ. ಪಾಸ್‌ಪೋರ್ಟ್ ಕೇಳಲ್ಲ, ಅಷ್ಟೆ.

ನಾರು ತೆಗೆಯುತ್ತಿದ್ದ ಕೈ ನಿಂತಿತು.

ಗಂಡ: ಅಣ್ಣಂದು ನೋಡಿದ್ಯಲ್ಲ. ಹೋದ ಮೇಲೆ ಒಂದು ಫೋಟೋ ಸಿಗದೆ, ಬಸ್ ಪಾಸಿಂದು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ರು. ಕೆನ್ನೆ ಮೇಲೆ ‘ಈ ತಿಂಗಳಿಗೆ ಮಾತ್ರ’ ಅನ್ನೋ ಸೀಲು ಇವತ್ತಿಗೂ ಇದೆ.

ಹೆಂಡತಿ: ಅಷ್ಟಾದ್ರೂ ನಿಜ ಬರೆದಿದ್ರಲ್ಲ ಅದರ ಮೇಲೆ. ಓಹೋ, ಇದೆಲ್ಲ ಬರೋ ವಾರದ ಹರ್ನಿಯಾಕ್ಕೆ ಸಿದ್ಧತೆ ಅನ್ನಿ. ಸಣ್ಣ ಆಪರೇಷನ್ ಅಂತ ಡಾಕ್ಟರೇ ಹೇಳಿದ್ರಲ್ಲ.

ಗಂಡ: ಅವರಿಗೆ ಸಣ್ಣದು. ಕತ್ತರಿ ಅವರ ಕೈಲಿರುತ್ತೆ, ಹೊಟ್ಟೆ ನಂದು. ಜೀವಮಾನವೆಲ್ಲ ಜನರನ್ನ ಮೇಲೆ ಕಳಿಸಿದೋನು ನಾನು. ನಾನು ಹೋಗುವಾಗ ಒಂಚೂರು ತಯಾರಿ ಬೇಡ್ವಾ?

ಹೆಂಡತಿ: ನೀವು ರಿಪೇರಿ ಮಾಡಿದ ಲಿಫ್ಟು ಯಾವತ್ತು ಪೂರ್ತಿ ಮೇಲೆ ಹೋಗಿದೆ? ಮಧ್ಯದಲ್ಲೇ ನಿಲ್ತಿತ್ತು. ಅದೇ ಧೈರ್ಯ ನನಗೆ.

ನಕ್ಕುಬಿಟ್ಟರೆ ಸೋತಂತೆ ಎಂದು ಅವನು ಕನ್ನಡಿಯತ್ತ ತಿರುಗಿದ. ಅವಳು ರಾಶಿಯಿಂದ ಒಂದು ಬಿಳಿ ಅಂಗಿ ಎಳೆದು ಅವನ ಹೆಗಲಿಗೆ ಎಸೆದಳು. ಅವನು ಅದನ್ನು ತೊಟ್ಟು ಗುಂಡಿ ಹಾಕುವಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಫೋಟೋಗ್ರಾಫರ್ ಒಳಗೆ ಬಂದು, ಕಿಟಕಿಯ ಪಕ್ಕದ ಬೆಂಚಿನ ಮೇಲೆ ಅವನನ್ನು ಕೂರಿಸಿದಳು.

ಫೋಟೋಗ್ರಾಫರ್: ಯಾವುದಕ್ಕೆ ಅಂಕಲ್, ಕೆಲಸಕ್ಕಾ?

ಗಂಡ: ಕೆಲಸ ಎಲ್ಲ ಮುಗಿದ ಮೇಲಿಂದು.

ಫೋಟೋಗ್ರಾಫರ್: ಓ, ರಿಟೈರ್ಮೆಂಟಾ?

ಹೆಂಡತಿ: ಹೂಂ ಕಣಮ್ಮ. ಈ ಸಲ ಪೂರ್ತಿ ರಿಟೈರ್ಮೆಂಟಂತೆ.

ಫೋಟೋಗ್ರಾಫರ್: ಒಳ್ಳೇದಾಯ್ತು ಬಿಡಿ, ಆರಾಮಾಗಿರಬಹುದು. ಸ್ವಲ್ಪ ನಗಿ ಅಂಕಲ್.

ಅವನಿಗೆ ನಗು ಬರಲಿಲ್ಲ. ತುಟಿ ಅಗಲಿಸಿ ನೋಡಿದ, ಹಲ್ಲು ಮಾತ್ರ ಕಂಡಿತು. ಹೆಂಡತಿ ಒಂದು ಕ್ಷಣ ನೋಡಿದಳು. ಆಮೇಲೆ ಹುರುಳಿಕಾಯಿಯ ಬುಟ್ಟಿಯ ಸಮೇತ ಬಂದು ಅವನಿಗೆ ಅಂಟಿಕೊಂಡು ಕೂತು, ಅವನ ಹೆಗಲಿಗೆ ತಲೆ ಆನಿಸಿದಳು.

ಗಂಡ: ನೀನ್ಯಾಕೆ ಇಲ್ಲಿ? ಮನೆ ಬಟ್ಟೇಲಿದ್ದೀಯ.

ಹೆಂಡತಿ: ತೆಗಿಯಮ್ಮ ನೀನು.

ಕ್ಯಾಮೆರಾ ಕ್ಲಿಕ್ ಎಂದಿತು.

ಗಂಡ: ಕೆಡಿಸಿದೆ. ಇಬ್ಬರೂ ಇರೋ ಫೋಟೋನ ಗೋಡೆಗೆ ಹೇಗೆ ಹಾಕ್ತೀಯ? ನೀನು ಗಟ್ಟಿಮುಟ್ಟಾಗಿ ಅಡುಗೆಮನೇಲಿ ಓಡಾಡ್ತಿರ್ತೀಯ.

ಹೆಂಡತಿ: ಹಾಕೋಕಾಗಲ್ಲ ತಾನೇ? ಹಾಗಾದ್ರೆ ಸುಮ್ಮನೆ ಆಪರೇಷನ್ ಮುಗಿಸ್ಕೊಂಡು ಮನೆಗೆ ಬನ್ನಿ.